ನಿಮಗಿದು ಗೊತ್ತೇ? ಒಬ್ಬರೇ ಬ್ಯಾಂಡು, ಕಾಲೇ ಮೇಸ್ತ್ರಿ

● ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಬೂನ್ ಕೌಂಟಿ ಕಲ್ಲಿದ್ದಲು ಗಣಿಗಳ ಸೀಮೆ. ಅಲ್ಲಿ 1937ರಲ್ಲಿ ಹುಟ್ಟಿದ ಹ್ಯಾಸಿಲ್ ಆ್ಯಡ್ಕಿನ್ಸ್ ಎಂಬ ಹುಡುಗ ರೇಡಿಯೊಗೆ ಕಿವಿಗೊಟ್ಟು ಹ್ಯಾಂಕ್ ವಿಲಿಯಮ್ಸ್ ಹಾಡು ಕೇಳುತ್ತಿದ್ದ. ಹಾಡು ಮುಗಿದಾಗ ನಿರೂಪಕ ಹೇಳುತ್ತಿದ್ದುದು ಅದೊಂದೇ ಹೆಸರು. ಹಾಗಾದರೆ ಕೇಳಿದ ಅಷ್ಟೂ ವಾದ್ಯಗಳನ್ನು ಆ ಒಬ್ಬ ಮನುಷ್ಯನೇ ನುಡಿಸುತ್ತಿರಬೇಕು ಎಂದು ಹುಡುಗ ನಂಬಿಬಿಟ್ಟ. ತಾನೂ ಹಾಗೇ ಮಾಡಬೇಕೆಂದು ಗಿಟಾರ್ ಹಿಡಿದ, ಕಾಲಿಗೆ ಡ್ರಮ್ ಕಟ್ಟಿದ, ಹಾಡಿದ. ಸತ್ಯ ತಿಳಿದ ಮೇಲೂ ದಾರಿ ಬದಲಿಸಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಆ್ಯಡ್ಕಿನ್ಸ್ ತಮ್ಮದೇ ಬ್ಯಾಂಡಿನ ಏಕೈಕ ಸದಸ್ಯ. ಅವರ ‘ಶಿ ಸೆಡ್’ ಹಾಡನ್ನು ಮುಂದೆ ದಿ ಕ್ರ್ಯಾಂಪ್ಸ್ ಎಂಬ ದೊಡ್ಡ ಹೆಸರಿನ ಬ್ಯಾಂಡು ಹಾಡಿತು.

ಒನ್ ಮ್ಯಾನ್ ಬ್ಯಾಂಡ್ ಅಂದಕೂಡಲೇ ಬೆನ್ನಿಗೆ ಡೋಲು, ಕುತ್ತಿಗೆಗೆ ಮೌತ್ ಆರ್ಗನ್, ಮೊಣಕಾಲಿಗೆ ತಾಳ ಕಟ್ಟಿಕೊಂಡ ಬೀದಿ ವಿದೂಷಕ ಕಣ್ಣಮುಂದೆ ಬರುತ್ತಾನೆ. 1964ರ ‘ಮೇರಿ ಪಾಪಿನ್ಸ್’ ಚಿತ್ರದ ಮೊದಲ ದೃಶ್ಯಗಳಲ್ಲಿ ಡಿಕ್ ವ್ಯಾನ್ ಡೈಕ್ ಹಾಕಿಕೊಂಡು ಬಂದ ವೇಷ ಅದೇ. ಆದರೆ ಈ ಕಲೆ ತಮಾಷೆಗಿಂತ ಬಹಳ ದೊಡ್ಡದು. ಇದರ ಇತಿಹಾಸ ಓದುತ್ತ ಹೋದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತ ಬಂದಿದೆ: ನಾವು ಕೈ ನೋಡುತ್ತೇವೆ, ಬಾಯಿ ನೋಡುತ್ತೇವೆ; ಕೆಲಸ ನಡೆಯುವುದು ಕಾಲಿನಲ್ಲಿ. ಕೆಳಗಿನ ಸಂಗತಿಗಳನ್ನು ಓದುವಾಗ ಕಾಲಿನ ಮೇಲೊಂದು ಕಣ್ಣಿರಲಿ.

● ಮೂರೇ ತೂತಿನ ಕೊಳಲಿನಲ್ಲಿ ಪೂರ್ತಿ ಸಪ್ತಸ್ವರ ಹೊರಡಿಸಬಹುದು! ಯುರೋಪಿನಲ್ಲಿ ಕನಿಷ್ಠ 13ನೇ ಶತಮಾನದಿಂದಲೂ ಒಬ್ಬನೇ ಕಲಾವಿದ ಎಡಗೈಯಲ್ಲಿ ಕೊಳಲು, ಬಲಗೈಯಲ್ಲಿ ಕೋಲು ಹಿಡಿದು, ತೋಳಿಗೋ ಸೊಂಟಕ್ಕೋ ಕಟ್ಟಿದ ಪುಟ್ಟ ಡೋಲು ಬಡಿಯುತ್ತ ಕುಣಿತಕ್ಕೆ ಸಂಗೀತ ಕೊಡುತ್ತಿದ್ದ. ಸ್ಪೇನಿನ ‘ಕಾಂತಿಗಾಸ್ ದೆ ಸಾಂತಾ ಮರಿಯಾ’ ಹಸ್ತಪ್ರತಿಯ ಚಿತ್ರಗಳಲ್ಲಿ ಇಂಥ ವಾದಕರಿದ್ದಾರೆ. ಒಂದೇ ಕೈಗೆ ಸಿಗುವ ತೂತುಗಳು ಮುಂದೆ ಎರಡು, ಹಿಂದೆ ಹೆಬ್ಬೆರಳಿಗೆ ಒಂದು.

ಲೆಕ್ಕ ಹೀಗಿದೆ. ಎಲ್ಲ ತೂತು ಮುಚ್ಚಿದರೆ ಒಂದು ಸ್ವರ, ಒಂದೊಂದಾಗಿ ತೆರೆದರೆ ಇನ್ನು ಮೂರು. ಉಳಿದದ್ದು ಉಸಿರಿನ ಕೆಲಸ. ಕೊಳವೆ ಕಿರಿದಾಗಿರುವುದರಿಂದ ತುಸು ಒತ್ತಿ ಊದಿದರೆ ಸ್ವರ ಮೇಲಿನ ಷಡ್ಜಕ್ಕೆ ಜಿಗಿಯುತ್ತದೆ, ಇನ್ನೂ ಒತ್ತಿದರೆ ಅಲ್ಲಿಂದ ಪಂಚಮಕ್ಕೆ, ಮತ್ತೂ ಒತ್ತಿದರೆ ಅದರಾಚೆಯ ಷಡ್ಜಕ್ಕೆ. ಷಡ್ಜಕ್ಕೂ ಪಂಚಮಕ್ಕೂ ನಡುವೆ ಇರುವುದು ರಿ, ಗ, ಮ ಮೂರೇ. ಅವಕ್ಕೆ ಮೂರು ತೂತು ಸಾಕು. ಪಂಚಮ ಮುಟ್ಟಿದ ಮೇಲೆ ಅವೇ ಬೆರಳುಗಳಿಗೆ ದ, ನಿ ಸಿಗುತ್ತವೆ. ಎಷ್ಟು ಚೊಕ್ಕ ಲೆಕ್ಕ! ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಜನ ‘ಚಿಸ್ತು’ ಎಂಬ ಹೆಸರಿನಲ್ಲಿ, ಫ್ರಾನ್ಸಿನ ಪ್ರೊವಾನ್ಸ್ ಜನ ‘ಗಲೂಬೆ’ ಎಂಬ ಹೆಸರಿನಲ್ಲಿ ಇದನ್ನು ಇವತ್ತಿಗೂ ನುಡಿಸುತ್ತಾರೆ.

● ಷೇಕ್ಸ್‌ಪಿಯರನ ನಾಟಕ ಮಂಡಳಿಯಲ್ಲಿದ್ದ ಹಾಸ್ಯನಟ ವಿಲ್ ಕೆಂಪ್ 1600ರಲ್ಲಿ ಲಂಡನ್ನಿನಿಂದ ನಾರಿಚ್ ಊರಿನವರೆಗೆ, ನೂರು ಮೈಲಿಗೂ ಮಿಕ್ಕಿದ ದಾರಿಯನ್ನು, ಕುಣಿಯುತ್ತಲೇ ಕ್ರಮಿಸಿದ. ಕುಣಿದದ್ದು 9 ದಿನ, ನಡುನಡುವೆ ವಿಶ್ರಾಂತಿ. ಅಷ್ಟೂ ದಾರಿಗೆ ಅವನ ಜೊತೆಗಿದ್ದ ‘ಆರ್ಕೆಸ್ಟ್ರಾ’ ಒಬ್ಬನೇ: ಕೊಳಲು–ಡೋಲಿನ ಥಾಮಸ್ ಸ್ಲೈ. ಕೆಂಪ್ ತನ್ನ ಕುಣಿತದ ಕಥೆಯನ್ನು ಪುಸ್ತಕ ಮಾಡಿದಾಗ ಅದರ ಮುಖಪುಟದ ಮರದಚ್ಚಿನ ಚಿತ್ರದಲ್ಲಿ ಸ್ಲೈಗೂ ಜಾಗ ಸಿಕ್ಕಿತು. ಪಕ್ಕವಾದ್ಯದವನಿಗೆ ಮುಖಪುಟದಲ್ಲಿ ಜಾಗ ಇವತ್ತಿಗೂ ಅಪರೂಪ.

● ನಮ್ಮ ಮೈಲಾರಲಿಂಗನ ಗೊರವಯ್ಯನನ್ನು ನೆನಪಿಸಿಕೊಳ್ಳಿ. ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಜೊತೆಗೆ ಪಿಳ್ಳಂಗೋವಿ. ಊದುವುದೂ ಬಡಿಯುವುದೂ ಕುಣಿಯುವುದೂ ಒಂದೇ ಮೈ. ಬಾಸ್ಕ್ ಬೆಟ್ಟದ ಚಿಸ್ತು ವಾದಕನಿಗೂ ಮೈಲಾರದ ಗೊರವನಿಗೂ ಯಾವ ನಂಟೂ ಇಲ್ಲ. ಆದರೂ ಎರಡೂ ಕಡೆ ಉತ್ತರ ಒಂದೇ ಬಂದಿದೆ: ಒಂದು ಗಾಳಿವಾದ್ಯ, ಒಂದು ಚರ್ಮವಾದ್ಯ, ಎರಡು ಕಾಲು.

● ಪುರಂದರದಾಸರ (1484–1564) ಚಿತ್ರವನ್ನು ನಾವು ಕ್ಯಾಲೆಂಡರಿನಿಂದ ಸಂಗೀತ ಶಾಲೆಯ ಗೋಡೆಯವರೆಗೆ ಎಲ್ಲೆಡೆ ನೋಡಿದ್ದೇವೆ. ಈ ಸಲ ಭಕ್ತಿಯ ಜೊತೆಗೆ ಸ್ವಲ್ಪ ತಾಂತ್ರಿಕ ಕಣ್ಣಿನಿಂದಲೂ ನೋಡಿ. ಒಂದು ಕೈಯಲ್ಲಿ ತಂಬೂರಿ, ಅದು ಶ್ರುತಿ. ಇನ್ನೊಂದು ಕೈಯಲ್ಲಿ ಚಿಟಿಕೆ, ಅದು ತಾಳ. ಕಾಲಿಗೆ ಗೆಜ್ಜೆ, ಅದು ನಡಿಗೆಯ ಲಯ. ಮೇಲೆ ಹಾಡು. ಯಾರ ಹಂಗೂ ಇಲ್ಲದೆ ಬೀದಿ ಬೀದಿಯಲ್ಲಿ ಕಚೇರಿ ನಡೆಸಲು ಬೇಕಾದದ್ದೆಲ್ಲ ಒಂದೇ ಮೈಮೇಲಿದೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕರ್ನಾಟಕ ಸಂಗೀತದ ಪಿತಾಮಹರ ಚಿತ್ರ ಏಕವ್ಯಕ್ತಿ ಮೇಳದ ಚಿತ್ರವೂ ಹೌದು.

ಏಕತಾರಿ ಮೀಟುವ ತತ್ವಪದಕಾರರದೂ ಇದೇ ಜಾಡು. ಚಾಮರಾಜನಗರ, ಮೈಸೂರು, ಮಂಡ್ಯದ ಕಡೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿ ಮುಖ್ಯ ಗಾಯಕ ಒಂದು ಕೈಯಲ್ಲಿ ತಂಬೂರಿ ಮೀಟುತ್ತ, ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತ, ಇರುಳಿಡೀ ಕಥೆ ನಡೆಸುತ್ತಾನೆ. ಹಿಮ್ಮೇಳ ಜೊತೆಗಿದ್ದರೂ ಚುಕ್ಕಾಣಿ ಅವನದೇ.

● ಬಂಗಾಳದ ಬಾವುಲರದು ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಕೈಯಲ್ಲಿ ಏಕತಾರ, ಸೊಂಟಕ್ಕೆ ಕಟ್ಟಿದ ಪುಟ್ಟ ಡುಗ್ಗಿಯ ಮೇಲೆ ಇನ್ನೊಂದು ಕೈ, ಕಾಲಲ್ಲಿ ಗೆಜ್ಜೆ, ಜೊತೆಗೆ ಕುಣಿತ. ಬಾಬ್ ಡಿಲನ್ ಅವರ 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಂ ಮುಖಪುಟದಲ್ಲಿ ಡಿಲನ್ ಅಕ್ಕಪಕ್ಕ ನಿಂತಿರುವವರು ಇಬ್ಬರು ಬಾವುಲರು: ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್ ಸಹೋದರರು.

● ಅದೇ ಡಿಲನ್ 1962ರಲ್ಲಿ ತಮ್ಮ ಹೆಸರಿನಲ್ಲೇ ತಂದ ಮೊಟ್ಟಮೊದಲ ಆಲ್ಬಂನ ಮೊದಲ ಹಾಡು ‘ಯು ಆರ್ ನೋ ಗುಡ್’ ಅವರದಲ್ಲ. ಬರೆದವರು ಜೆಸ್ಸಿ ಫುಲ್ಲರ್. ಒಬ್ಬರೇ ಬ್ಯಾಂಡು ಕಟ್ಟಿದವರಲ್ಲಿ ನನ್ನ ಮಟ್ಟಿಗೆ ಮೊದಲ ಸಾಲಿನ ಮೊದಲ ಕುರ್ಚಿ ಇವರದು. ಹಾಗಾಗಿ ಇಲ್ಲಿ ಸ್ವಲ್ಪ ಕೂತು ಮುಂದೆ ಹೋಗೋಣ.

ಫುಲ್ಲರ್ 1896ರಲ್ಲಿ ಜಾರ್ಜಿಯಾ ರಾಜ್ಯದ ಜೋನ್ಸ್‌ಬರೊದಲ್ಲಿ ಹುಟ್ಟಿದ ಕಪ್ಪು ಜನಾಂಗದ ಬಡವರ ಮನೆಯ ಮಗ. ಬೂಟು ಪಾಲಿಶ್ ಮಾಡಿದರು, ರೈಲ್ವೆಯಲ್ಲಿ ದುಡಿದರು, 1924ರ ಮೂಕಿ ಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಗುಂಪಿನ ನಡುವೆ ಮುಖ ತೋರಿಸಿದರು. ಸಂಗೀತವನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆಂದು ಹೊರಟದ್ದು 1950ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ. ಜೊತೆಗೆ ನುಡಿಸಲು ಜನ ಹುಡುಕಿದರು. ನಂಬಿಕೆಯಿಂದ ಬರುವವರು ಸಿಗಲಿಲ್ಲ. ಸರಿ, ಬ್ಯಾಂಡನ್ನೇ ಮರದಲ್ಲಿ ಕಟ್ಟಿಬಿಟ್ಟರು.

ಅದಕ್ಕೆ ಅವರ ಹೆಂಡತಿ ಇಟ್ಟ ಹೆಸರು ‘ಫಾಟ್‌ಡೆಲ್ಲಾ’. ಎದ್ದು ನಿಂತ ಮರದ ಪೆಟ್ಟಿಗೆ, ನೋಡಲು ದೊಡ್ಡ ಬಾಸ್ ಪಿಟೀಲಿನ ಮೇಲ್ಭಾಗದ ಹಾಗೆ. ಅದಕ್ಕೆ ಬಿಗಿದ ಆರು ದಪ್ಪ ತಂತಿ. ಕೆಳಗೆ ಸಾಲಾಗಿ ಪೆಡಲುಗಳು. ಒಂದೊಂದು ಪೆಡಲು ಒತ್ತಿದಾಗಲೂ ಮೆತ್ತನೆಯ ಸುತ್ತಿಗೆಯೊಂದು ತನ್ನ ತಂತಿಗೆ ಬಡಿಯುತ್ತದೆ. ಇದೆಲ್ಲ ಬಲಗಾಲಿನ ಪಾಲು. ಎಡಗಾಲಿಗೆ ಹೈ–ಹ್ಯಾಟ್ ತಾಳ, ಇಲ್ಲವೇ ಬಟ್ಟೆ ಉಜ್ಜುವ ವಾಶ್‌ಬೋರ್ಡ್. ಕೈಗಳಿಗೆ 12 ತಂತಿಯ ಗಿಟಾರ್. ಕುತ್ತಿಗೆಯ ಸರಳಿನಲ್ಲಿ ಮೌತ್ ಆರ್ಗನ್ ಮತ್ತು ಗುನುಗಿದರೆ ನುಡಿಯುವ ಕಝೂ. ಉಳಿದ ಉಸಿರಿನಲ್ಲಿ ಹಾಡು. ಸುಮ್ಮನೆ ತಾಳ ಹಾಕುವುದು ಬೇರೆ, ಬಲಗಾಲಿನಲ್ಲಿ ಬಾಸ್ ಸ್ವರಗಳನ್ನು ಆರಿಸಿ ಆರಿಸಿ ನುಡಿಸುವುದು ಬೇರೆ. ಫುಲ್ಲರ್ ಪಾದಕ್ಕೆ ರಾಗ ಗೊತ್ತಿತ್ತು!

1954ರಲ್ಲಿ ಅವರು ಕಟ್ಟಿದ ‘ಸ್ಯಾನ್ ಫ್ರಾನ್ಸಿಸ್ಕೊ ಬೇ ಬ್ಲೂಸ್’ ಹಾಡನ್ನು 1992ರ ‘ಅನ್‌ಪ್ಲಗ್ಡ್’ ಆಲ್ಬಂನಲ್ಲಿ ಎರಿಕ್ ಕ್ಲ್ಯಾಪ್ಟನ್ ದೊಡ್ಡ ಬ್ಯಾಂಡಿನ ಜೊತೆ ಹಾಡಿದ್ದಾರೆ, ಚೆನ್ನಾಗಿಯೇ ಇದೆ. ಅದಾದ ಮೇಲೆ ಫುಲ್ಲರ್ ಅವರದನ್ನು ಕೇಳಿ. ಅಷ್ಟು ಜನ ಸೇರಿ ಮಾಡಿದ್ದನ್ನು 1976ರಲ್ಲಿ ತೀರಿಕೊಂಡ ಈ ಮುದುಕ ಒಬ್ಬರೇ ಕೂತು ಮಾಡಿದ್ದಾರೆ ಅನ್ನುವುದನ್ನು ನಂಬಲು ಎರಡು ಸಲ ಕೇಳಬೇಕಾಗುತ್ತದೆ.

● ಇವತ್ತು ಪ್ರತಿ ಆರ್ಕೆಸ್ಟ್ರಾದಲ್ಲೂ ಕಾಣುವ ಡ್ರಮ್ ಸೆಟ್ ಮೂಲದಲ್ಲಿ ಒಂದು ‘ಒಬ್ಬರೇ ಬ್ಯಾಂಡು’. ಹಿಂದೆ ದೊಡ್ಡ ಡ್ರಮ್ಮಿಗೆ ಒಬ್ಬ, ಸಣ್ಣ ಡ್ರಮ್ಮಿಗೆ ಒಬ್ಬ, ತಾಳಕ್ಕೆ ಇನ್ನೊಬ್ಬ ನಿಲ್ಲುತ್ತಿದ್ದರು. ದೊಡ್ಡ ಡ್ರಮ್ಮನ್ನು ಕಾಲಿಗೆ ಒಪ್ಪಿಸಿದಾಗ ಮೂವರ ಕೆಲಸ ಒಬ್ಬನಿಗೆ ಬಂತು. ಷಿಕಾಗೊದ ಲುಡ್ವಿಗ್ ಸಹೋದರರು 1909ರಲ್ಲಿ ತಂದ ವೇಗದ ಪೆಡಲು ಈ ಬದಲಾವಣೆಯನ್ನು ಖಾಯಂ ಮಾಡಿತು. 1920ರ ದಶಕದಲ್ಲಿ ಎಡಗಾಲಿನ ಪಾಲಿಗೆ ಜೋಡಿ ತಾಳ ಬಂತು, ಅದೇ ಬೆಳೆದು ಹೈ–ಹ್ಯಾಟ್ ಆಯಿತು. ಜಾಝ್ ಮತ್ತು ರಾಕ್ ಸಂಗೀತ ಎರಡೂ ಈ ಎರಡು ಪಾದಗಳ ಮೇಲೆ ನಿಂತಿವೆ.

● ಬೆನ್ನ ಮೇಲಿನ ಡ್ರಮ್ ಹೇಗೆ ಬಡಿದುಕೊಳ್ಳುತ್ತದೆ? ಹಿಮ್ಮಡಿಗೆ ಒಂದು ಹುರಿ, ಹುರಿಯ ಇನ್ನೊಂದು ತುದಿ ಡ್ರಮ್ಮಿನ ಕೋಲಿಗೆ. ಹಿಮ್ಮಡಿ ಕೆಳಗೆ ಎಳೆದಾಗ ಕೋಲು ಬಡಿಯುತ್ತದೆ. ಅಂದರೆ ನಿಂತಲ್ಲೇ ಕಾಲು ಕುಟ್ಟಿದರೂ ತಾಳ, ನಡೆದರೂ ತಾಳ. ಬೇಗ ನಡೆದರೆ ಹಾಡು ದ್ರುತಕ್ಕೆ ಏರುತ್ತದೆ.

ಲಂಡನ್ ಬೀದಿಗಳಲ್ಲಿ ಈ ಸಜ್ಜಿನೊಂದಿಗೆ ಹಾಡುತ್ತಿದ್ದ ಡಾನ್ ಪಾರ್ಟ್ರಿಜ್ ಅವರ ‘ರೋಸಿ’ 1968ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಅದೇ ವರ್ಷ ‘ಬ್ಲೂ ಐಸ್’ 3ಕ್ಕೇರಿತು. ಪಾರ್ಟ್ರಿಜ್ ಒಬ್ಬರೇ ಮೇಲೆ ಹೋಗಿ ಕೂರಲಿಲ್ಲ. 1969ರಲ್ಲಿ ಬೀದಿ ಗಾಯಕರನ್ನೆಲ್ಲ ಕೂಡಿಸಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಚೇರಿ ಮಾಡಿದರು. ನನಗೆ ಆ ಎರಡು ಹಿಟ್ ಹಾಡುಗಳಿಗಿಂತ ಇದೇ ದೊಡ್ಡದೆನಿಸುತ್ತದೆ.

● ಕುತ್ತಿಗೆಯ ಸರಳಿಗೆ ಸಿಕ್ಕಿಸಿದ ಮೌತ್ ಆರ್ಗನ್ ಒಂದು ಸೌಲಭ್ಯವನ್ನು ಕಳೆದುಕೊಳ್ಳುತ್ತದೆ. ಎರಡೂ ಅಂಗೈ ಬೊಗಸೆ ಮಾಡಿ ಮುಚ್ಚಿ ತೆರೆದು ಹೊರಡಿಸುವ ‘ವಾ ವಾ’ ಅಳು ಅಲ್ಲಿ ಸಾಧ್ಯವಿಲ್ಲ. ಎಲ್ಲ ಗಮಕವನ್ನೂ ತುಟಿ, ನಾಲಿಗೆ, ಗಂಟಲಿನಲ್ಲೇ ಮಾಡಬೇಕು.

● ಎಲ್ವಿಸ್ ಪ್ರೀಸ್ಲಿಯನ್ನು ಜಗತ್ತಿಗೆ ಕೊಟ್ಟ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸ್ 1950ರಲ್ಲಿ ತಮ್ಮದೇ ಹೆಸರಿನ ಲೇಬಲ್ಲಿನಲ್ಲಿ ಹೊರತಂದ ಏಕೈಕ ಗ್ರಾಮಫೋನ್ ತಟ್ಟೆ ಯಾರದು ಗೊತ್ತೇ? ಜೋ ಹಿಲ್ ಲೂಯಿಸ್ ಎಂಬ ಒಬ್ಬರೇ ಬ್ಯಾಂಡಿನದು. ಗಿಟಾರ್, ಮೌತ್ ಆರ್ಗನ್, ಕಾಲಲ್ಲಿ ಡ್ರಮ್. ರಾಕ್ ಅಂಡ್ ರೋಲ್ ಚರಿತ್ರೆಯ ಹೊಸ್ತಿಲಲ್ಲೇ ಈ ಕಲೆ ನಿಂತಿದೆ.

● ಡಾಕ್ಟರ್ ರಾಸ್ ಎಂದೇ ಹೆಸರಾದ ಇಸಾಯಾ ರಾಸ್ ಹಗಲಿನಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಜನರಲ್ ಮೋಟರ್ಸ್ ಕಾರು ಕಾರ್ಖಾನೆಯ ಕಾರ್ಮಿಕ, ಬಿಡುವಿನಲ್ಲಿ ಒಬ್ಬರೇ ಬ್ಯಾಂಡು. ಎಡಗೈ ಗಿಟಾರ್, ಮೌತ್ ಆರ್ಗನ್ ತಲೆಕೆಳಗು. ಅವರ ‘ಕ್ಯಾಟ್ ಸ್ಕ್ವಿರಲ್’ ಹಾಡನ್ನು ಕ್ರೀಮ್ ಬ್ಯಾಂಡು ನುಡಿಸಿದೆ.

ಇಂಥವರ ಧ್ವನಿಮುದ್ರಣಗಳನ್ನು ಕೇಳುವಾಗ ಒಂದು ವಿಶೇಷ ಗಮನಕ್ಕೆ ಬರುತ್ತದೆ. ಆವರ್ತ ಕೆಲವೊಮ್ಮೆ ಅರ್ಧ ಮಾತ್ರೆ ಉದ್ದವಾಗುತ್ತದೆ, ಕೆಲವೊಮ್ಮೆ ಮೊದಲೇ ಮುಗಿಯುತ್ತದೆ. ಹಾಡಿನ ಮಾತಿಗೆ ಇನ್ನಷ್ಟು ಉಸಿರು ಬೇಕೆನಿಸಿದರೆ ಕೈ ಕಾಯುತ್ತದೆ, ಕಾಲೂ ಕಾಯುತ್ತದೆ. ನಾಲ್ವರ ಬ್ಯಾಂಡಿನಲ್ಲಿ ಹೀಗೆ ಮಾಡಿದರೆ ಗದ್ದಲವಾದೀತು. ಇಲ್ಲಿ ಎಲ್ಲ ವಾದ್ಯಗಳಿಗೂ ಮಿದುಳು ಒಂದೇ ಆದ್ದರಿಂದ ಎಲ್ಲವೂ ಒಟ್ಟಿಗೇ ಹಿಗ್ಗಿ ಒಟ್ಟಿಗೇ ಕುಗ್ಗುತ್ತವೆ. ನನಗೆ ಈ ಕಲೆಯ ದೊಡ್ಡ ರುಚಿ ಇದೇ, ವಾದ್ಯಗಳ ಸಂಖ್ಯೆಯಲ್ಲ.

● ಸಂಖ್ಯೆಯನ್ನೂ ಹೇಳಿಬಿಡೋಣ: ಇಂಗ್ಲೆಂಡಿನ ರೋರಿ ಬ್ಲ್ಯಾಕ್‌ವೆಲ್ 1989ರ ಮೇ 29ರಂದು ಡೆವನ್‌ನ ಡಾಲಿಷ್‌ನಲ್ಲಿ ಏಕಕಾಲಕ್ಕೆ 108 ವಾದ್ಯ ನುಡಿಸಿದರು. 19 ಸ್ವರವಾದ್ಯ, 89 ತಾಳವಾದ್ಯ.

● ಅಮೆರಿಕದ ಬಾಬ್ ಲಾಗ್ ಮೂರನೆಯವರು ಮೋಟಾರ್‌ಸೈಕಲ್ ಹೆಲ್ಮೆಟ್ ತೊಟ್ಟು, ಅದಕ್ಕೆ ಟೆಲಿಫೋನ್ ರಿಸೀವರನ್ನೇ ಮೈಕಾಗಿ ಅಂಟಿಸಿ ಹಾಡುತ್ತಾರೆ. ಮೈಕ್ ಹಿಡಿಯಲು ಕೈ ಬಿಡುವಿಲ್ಲವಲ್ಲ! ಕೈಯಲ್ಲಿ ಗಿಟಾರ್, ಕಾಲಲ್ಲಿ ಡ್ರಮ್.

● ಕಣ್ಣು ಕಾಣದ ಜಾಝ್ ಕಲಾವಿದ ರಸಾನ್ ರೋಲಂಡ್ ಕರ್ಕ್ (1935–1977) ಮೂರು ಸ್ಯಾಕ್ಸೊಫೋನುಗಳನ್ನು ಒಟ್ಟಿಗೇ ಬಾಯಲ್ಲಿಟ್ಟು ನುಡಿಸುತ್ತಿದ್ದರು. ಒಂದು ಟೆನರ್, ಇನ್ನೆರಡು ‘ಮ್ಯಾನ್ಝೆಲೊ’ ಮತ್ತು ‘ಸ್ಟ್ರಿಚ್’ ಎಂದು ಅವರೇ ಕರೆಯುತ್ತಿದ್ದ ಅಪರೂಪದ ಸ್ಯಾಕ್ಸುಗಳು. ಮೂರು ಜನ ಊದುವ ಸ್ವರಮೇಳ ಒಂದೇ ಬಾಯಿಂದ. ಜೊತೆಗೆ ಮೂಗಿನಿಂದ ಊದುವ ಕೊಳಲೂ ಇತ್ತು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು, ಅದು ಹೊರಹೋಗುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳುವ ವಿದ್ಯೆ ಅವರಿಗೆ ಕರಗತ. ನಮ್ಮ ನಾಗಸ್ವರ, ಶಹನಾಯಿ ವಾದಕರಿಗೆ ಈ ಗುಟ್ಟು ಹೊಸದೇನಲ್ಲ. 1975ರಲ್ಲಿ ಲಕ್ವ ಹೊಡೆದು ದೇಹದ ಒಂದು ಪಾರ್ಶ್ವ ಬಿದ್ದುಹೋಯಿತು. ಕರ್ಕ್ ಒಂದೇ ಕೈಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತ ಕಚೇರಿಗಳನ್ನು ಮುಂದುವರಿಸಿದರು.

● ವಾದ್ಯವೇ ಇಲ್ಲದ ಬ್ಯಾಂಡೂ ಉಂಟು. ಬಾಬಿ ಮೆಕ್‌ಫೆರಿನ್ ಅವರ 1984ರ ‘ದಿ ವಾಯ್ಸ್’ ಆಲ್ಬಂನಲ್ಲಿ ಇರುವುದು ಒಂದು ಗಂಟಲು ಮಾತ್ರ: ಪಕ್ಕವಾದ್ಯವಿಲ್ಲ, ಮೇಲೆ ಸೇರಿಸಿದ ದನಿಯಿಲ್ಲ, ಜರ್ಮನಿಯ ಕಚೇರಿಗಳಲ್ಲಿ ನೇರವಾಗಿ ಮುದ್ರಿಸಿದ್ದು. ಮಂದ್ರದಲ್ಲಿ ಒಂದು ಬಾಸ್ ಸ್ವರ ಹಾಕಿ, ತಕ್ಷಣ ತಾರಕ್ಕೆ ಹಾರಿ ಹಾಡಿನ ಒಂದು ತುಣುಕು ಹಾಡಿ, ಮತ್ತೆ ಕೆಳಗಿಳಿದು ಬಾಸ್. ಎದೆ ತಟ್ಟಿದರೆ ಮೃದಂಗ. ಬಿಟ್ಟುಹೋದ ಸ್ವರವನ್ನು ಕೇಳುವವರ ಕಿವಿಯೇ ತುಂಬಿಕೊಳ್ಳುತ್ತದೆ. ನಾಲ್ಕು ವರ್ಷಗಳ ನಂತರ ಬಂದ ಅವರ ‘ಡೋಂಟ್ ವರಿ, ಬಿ ಹ್ಯಾಪಿ’ಯಲ್ಲೂ ವಾದ್ಯಗಳಿಲ್ಲ, ಆದರೆ ಅದು ಸ್ಟುಡಿಯೊದಲ್ಲಿ ಪದರ ಪದರವಾಗಿ ಸೇರಿಸಿದ್ದು. ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ವಾದ್ಯರಹಿತ ಹಾಡು ಅದು.

● ಒಂದೇ ವಾದ್ಯಕ್ಕೆ ಇಬ್ಬರು ಬೇಕಾಗಿದ್ದ ಕಾಲವೂ ಇತ್ತು. ಸ್ಪೇನಿನ ಸಾಂತಿಯಾಗೊ ದೆ ಕಂಪೊಸ್ಟೆಲಾ ಚರ್ಚಿನ 1188ರ ಕಲ್ಲಿನ ದ್ವಾರದಲ್ಲಿ ಇಬ್ಬರು ಹಿರಿಯರು ತೊಡೆಯ ಮೇಲೆ ಒಂದೇ ಉದ್ದನೆಯ ವಾದ್ಯ ಇಟ್ಟುಕೊಂಡಿರುವ ಶಿಲ್ಪವಿದೆ. ಒಬ್ಬ ಚಕ್ರ ತಿರುಗಿಸಬೇಕು, ಇನ್ನೊಬ್ಬ ಸ್ವರ ಹಿಡಿಯಬೇಕು. ಅದೇ ಮುಂದೆ ಕಿರಿದಾಗಿ ‘ಹರ್ಡಿ–ಗರ್ಡಿ’ ಆಯಿತು, ಒಬ್ಬರೇ ಎರಡೂ ಕೆಲಸ ಮಾಡತೊಡಗಿದರು. ಒಂದು ತಂತಿ ಸದಾ ಶ್ರುತಿ ಕೊಡುತ್ತದೆ, ಇನ್ನೊಂದು ರಾಗ ನುಡಿಯುತ್ತದೆ, ಚಕ್ರಕ್ಕೆ ಮಣಿಕಟ್ಟಿನಿಂದ ಎಳೆತ ಕೊಟ್ಟರೆ ಮೂರನೆಯ ತಂತಿಯ ಕುದುರೆ ಗುರ್ರ್ ಎಂದು ತಾಳವನ್ನೂ ಹಾಕುತ್ತದೆ.

● ಜಪಾನಿನ ‘ಚಿಂದೊನ್’ ವಾದಕ ಎದೆಯ ಮುಂದೆ ಒಂದು ಚೌಕಟ್ಟು ಹೊತ್ತು ಬೀದಿಯಲ್ಲಿ ಹೊರಡುತ್ತಾನೆ. ಅದರಲ್ಲಿ ಒಂದು ಲೋಹದ ಜಾಗಟೆ, ಎರಡು ಡೋಲು. ಹೊಸ ಅಂಗಡಿ ತೆರೆದಿದೆ ಎಂದು ಊರಿಗೆ ಸಾರುವುದೇ ಕಸುಬು.

● ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದ ದೊಡ್ಡ ಥಿಯೇಟರುಗಳು ಇಡೀ ಆರ್ಕೆಸ್ಟ್ರಾಕ್ಕೆ ಸಂಬಳ ಕೊಡುವ ಬದಲು ಒಬ್ಬ ಆರ್ಗನ್ ವಾದಕರನ್ನು ಕೂರಿಸಿದವು. ವುರ್ಲಿಟ್ಝರ್ ಕಂಪನಿಯ ಆರ್ಗನ್ನಿನಲ್ಲಿ ಕೊಳಲು, ತುತ್ತೂರಿಯ ದನಿ ಮಾತ್ರವಲ್ಲ, ನಿಜವಾದ ಡ್ರಮ್ಮು, ಗಂಟೆ, ಕುದುರೆ ಗೊರಸಿನ ಸದ್ದು, ಕಾರಿನ ಹಾರ್ನು ಎಲ್ಲವೂ ಗುಂಡಿಯ ತುದಿಯಲ್ಲಿ ಸಿಗುತ್ತಿದ್ದವು. ಬಾಸ್ ಸ್ವರಗಳಿಗೆ? ಅಲ್ಲೂ ಪಾದಗಳೇ. ಆರ್ಗನ್ನಿನ ಕೆಳಗೆ ಕಾಲಿಗೆಂದೇ ಮರದ ಕೀಲಿಗಳ ಸಾಲಿದೆ.

● ಜಾಝ್ ದಿಗ್ಗಜ ಸಿಡ್ನಿ ಬೆಶೆ 1941ರ ಏಪ್ರಿಲ್‌ನಲ್ಲಿ ‘ದಿ ಷೇಕ್ ಆಫ್ ಅರಬಿ’ ಹಾಡಿನಲ್ಲಿ ಕ್ಲಾರಿನೆಟ್, ಎರಡು ಬಗೆಯ ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್ಸ್ ಆರನ್ನೂ ಒಬ್ಬರೇ ನುಡಿಸಿದರು. ಒಂದನ್ನು ಮುದ್ರಿಸಿ, ಅದನ್ನು ಕೇಳುತ್ತ ಮುಂದಿನದನ್ನು ಸೇರಿಸುತ್ತ. ಆಗ ಅಮೆರಿಕದ ಸ್ಟುಡಿಯೊಗಳಲ್ಲಿ ಟೇಪ್ ಬಳಕೆಗೇ ಬಂದಿರಲಿಲ್ಲ. ಇದು ಸ್ಟುಡಿಯೊದ ಸಾಹಸ. ಇದನ್ನೇ ಜನರ ಮುಂದೆ, ಆ ಕ್ಷಣದಲ್ಲಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಎರಡು ದಶಕ ಬೇಕಾಯಿತು.

● ಆ ಉತ್ತರ ಸಿಕ್ಕಿದ್ದು ಎರಡು ಟೇಪ್ ರೆಕಾರ್ಡರುಗಳ ನಡುವಿನ ಖಾಲಿ ಜಾಗದಲ್ಲಿ. 1963ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಸಂಯೋಜಕ ಟೆರಿ ರೈಲಿ ಟ್ರಂಪೆಟ್ ವಾದಕ ಚೆಟ್ ಬೇಕರ್ ಜೊತೆ ಕೆಲಸ ಮಾಡುವಾಗ ಹೂಡಿದ ಉಪಾಯ ಇದು. ಎರಡು ಯಂತ್ರಗಳನ್ನು ದೂರ ದೂರ ಇಟ್ಟು ಒಂದೇ ಟೇಪನ್ನು ಎರಡಕ್ಕೂ ಹಾಯಿಸುವುದು. ಮೊದಲನೆಯದು ಮುದ್ರಿಸುತ್ತದೆ, ಎರಡನೆಯದು ಅದನ್ನು ನುಡಿಸುತ್ತದೆ, ಆ ಸದ್ದು ಮತ್ತೆ ಮೊದಲನೆಯದಕ್ಕೆ ಹೋಗುತ್ತದೆ. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿದ್ದರೆ, ಯಂತ್ರಗಳ ನಡುವೆ ಐದು ಅಡಿ ಅಂತರವಿದ್ದರೆ, ನುಡಿಸಿದ ಸ್ವರ 8 ಸೆಕೆಂಡಿಗೆ ಹಿಂತಿರುಗಿ ಬರುತ್ತದೆ. ಅಷ್ಟರಲ್ಲಿ ಕಲಾವಿದ ಮುಂದಿನದನ್ನು ನುಡಿಸಿರುತ್ತಾನೆ. ಹೀಗೆ ಅವನು ತನಗೆ ತಾನೇ ಪಕ್ಕವಾದ್ಯ. ಬ್ರಿಟನ್ನಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಇದೇ ಜೋಡಣೆಯನ್ನು ಹೊತ್ತು 1979ರಲ್ಲಿ ಏಕಾಂಗಿಯಾಗಿ ಊರೂರು ಸುತ್ತಿ ನುಡಿಸಿದರು.

● ಆ ಎರಡು ದೊಡ್ಡ ಯಂತ್ರಗಳು ಈಗ ಅಂಗೈ ಅಗಲದ ಡಬ್ಬಿಯಾಗಿವೆ. ಹೆಸರು ಲೂಪರ್, ಲೂಪ್ ಪೆಡಲ್. ಇರುವ ಜಾಗ ನೆಲದ ಮೇಲೆ. ಅದನ್ನು ಆಡಿಸುವುದು, ಊಹಿಸಿದಿರಿ, ಕಾಲು.

ಇದರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಒಮ್ಮೆ ತುಳಿದರೆ ಮುದ್ರಣ ಶುರು. ಗಿಟಾರಿನಲ್ಲಿ ನಾಲ್ಕು ಆವರ್ತ ನುಡಿಸಿ, ಐದನೆಯದರ ಸಮ ಬೀಳುವ ಕ್ಷಣಕ್ಕೆ ಸರಿಯಾಗಿ ಮತ್ತೆ ತುಳಿಯಬೇಕು. ಆಗ ಡಬ್ಬಿ ಆ ನಾಲ್ಕು ಆವರ್ತವನ್ನು ತಿರುಗಿ ತಿರುಗಿ ನುಡಿಸುತ್ತ ಹೋಗುತ್ತದೆ. ಅದರ ಮೇಲೆ ಗಿಟಾರಿನ ಮರ ತಟ್ಟಿ ಡ್ರಮ್ ಸೇರಿಸಬಹುದು, ಅದರ ಮೇಲೆ ಬಾಸ್, ಅದರ ಮೇಲೆ ಹಿನ್ನೆಲೆಯ ದನಿ. ಎಲ್ಲದರ ಹಣೆಬರಹ ಆ ಎರಡನೇ ತುಳಿತದಲ್ಲಿದೆ. ಕಾಲು ಒಂದು ಚೂರು ತಡವಾದರೆ ಪ್ರತಿ ಸುತ್ತಿನ ಕೊನೆಗೂ ತಾಳ ಕುಂಟುತ್ತದೆ, ಅದರ ಮೇಲೆ ಏನೇ ಕಟ್ಟಿದರೂ ಅದೂ ಕುಂಟುತ್ತದೆ. ಸಾವಿರಾರು ಜನರ ಮುಂದೆ ಅಳಿಸಿ ಮೊದಲಿನಿಂದ ಆರಂಭಿಸುವುದೊಂದೇ ದಾರಿ. ಮೆಷಿನ್ ಬಂದು ಕೆಲಸ ಸುಲಭವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಾಳಜ್ಞಾನದ ಪರೀಕ್ಷೆ ಇಷ್ಟು ನಿರ್ದಾಕ್ಷಿಣ್ಯವಾಗಿ ಹಿಂದೆಂದೂ ನಡೆದಿರಲಾರದು.

● ಸ್ಕಾಟ್ಲೆಂಡಿನ ಕೆ.ಟಿ. ಟನ್‌ಸ್ಟಲ್ ಅವರನ್ನು 2004ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮಕ್ಕೆ ಕರೆದದ್ದು ಕೊನೆ ಗಳಿಗೆಯಲ್ಲಿ. ಬರಬೇಕಿದ್ದ ರ್‍ಯಾಪ್ ಗಾಯಕ ನ್ಯಾಸ್ ಬರಲಾಗದೆ ಹೋದಾಗ. ಒಂದು ಗಿಟಾರು, ಒಂದು ಖಂಜಿರ, ಕಾಲ ಬಳಿ ಒಂದು ಲೂಪ್ ಪೆಡಲು. ಗಿಟಾರಿನ ಹೊಟ್ಟೆ ಗುದ್ದಿ ತಾಳ, ಖಂಜಿರ ಆಡಿಸಿ ಅದರ ಮೇಲೊಂದು ಪದರ, ‘ವೂ ಹೂ’ ಎಂದು ತಾವೇ ಕೂಗಿ ಹಿನ್ನೆಲೆ ಗಾಯನ, ಆಮೇಲೆ ‘ಬ್ಲ್ಯಾಕ್ ಹಾರ್ಸ್ ಅಂಡ್ ದಿ ಚೆರಿ ಟ್ರೀ’. ಬೆಳಗಾಗುವುದರೊಳಗೆ ಹೆಸರು ಮನೆಮಾತು. ಲೂಪ್ ಪೆಡಲು ಅಂದರೇನು ಎಂದು ಬ್ರಿಟನ್ನಿನ ಬಹಳಷ್ಟು ಜನ ಕಣ್ಣಾರೆ ಕಂಡದ್ದು ಅಂದೇ.

● ಎಡ್ ಶೀರನ್ 2015ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮೂರು ರಾತ್ರಿ ಹಾಡಿದರು. ಪ್ರತಿ ರಾತ್ರಿ ಸುಮಾರು 80,000 ಜನ. ವೇದಿಕೆಯ ಮೇಲೆ ಒಬ್ಬರು, ಒಂದು ಗಿಟಾರು, ಕಾಲಡಿ ಪೆಡಲು. 2017ರಿಂದ 2019ರವರೆಗೆ ನಡೆದ ಅವರ ‘ಡಿವೈಡ್’ ಪ್ರವಾಸಕ್ಕೆ ಬಂದವರು ಸುಮಾರು 89 ಲಕ್ಷ ಜನ. ಆ ಹೊತ್ತಿಗೆ ಅದು ಪ್ರಪಂಚದ ದಾಖಲೆ. ನೂರಾರು ಜನರ ತಂಡ ಕಟ್ಟಿಕೊಂಡು ಹೋಗುವ ರಾಕ್ ಬ್ಯಾಂಡುಗಳ ದಾಖಲೆಯನ್ನು ವೇದಿಕೆಯ ಮೇಲಿನ ಒಬ್ಬನೇ ವ್ಯಕ್ತಿ ಮುರಿದದ್ದು! ಹದಿಹರೆಯದಲ್ಲಿ ಐರಿಷ್ ಗಾಯಕ ಗ್ಯಾರಿ ಡನ್ ಲೂಪ್ ಪೆಡಲು ಬಳಸುವುದನ್ನು ನೋಡಿ ಶೀರನ್ ಇದನ್ನು ಹಿಡಿದರು. ಅವರ ‘ಶೇಪ್ ಆಫ್ ಯು’ ಹಾಡಿನಲ್ಲಿ ಮೊದಲಿನಿಂದ ಕೊನೆಯವರೆಗೆ ಅವೇ ನಾಲ್ಕು ಕಾರ್ಡುಗಳು ಸುತ್ತುತ್ತವೆ. ಲೂಪಿಗೆ ಹೇಳಿ ಮಾಡಿಸಿದ ಹಾಡು ಅದು.

● ಒಬ್ಬರೇ ಕೂತು ಹಾಡುವವರಿಗೆ ಬೆಂಗಳೂರು ಕೊಟ್ಟ ಕೊಡುಗೆ ಸಣ್ಣದಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದರು. ಅವರ ರೇಡೆಲ್ ಕಂಪನಿಯಿಂದ ತಾಳಮೀಟರೂ ಬಂತು. ತಂಬೂರಿ ಹಿಡಿದು ಹಿಂದೆ ಕೂರುವವರು ಸಿಗದ ವಿದೇಶದ ಊರುಗಳಲ್ಲೂ ಕನ್ನಡದ ಮಕ್ಕಳು ಶ್ರುತಿ ಬಿಡದೆ ಸರಳೆ ವರಸೆ ಹಾಡುತ್ತಿರುವುದರ ಹಿಂದೆ ಈ ಪೆಟ್ಟಿಗೆಯಿದೆ.

● ಗಿಟಾರ್ ಮಾಂತ್ರಿಕ ಪ್ಯಾಟ್ ಮೆಥೀನಿ 2010ರಲ್ಲಿ ವೇದಿಕೆ ತುಂಬ ನಿಜವಾದ ಪಿಯಾನೊ, ಡ್ರಮ್ಮು, ಗಂಟೆ, ಗಾಳಿ ಊದುವ ಸೀಸೆಗಳನ್ನು ಜೋಡಿಸಿ, ವಿದ್ಯುತ್ ಕಾಂತಗಳ ಬಲದಿಂದ ಅವು ತಾವೇ ನುಡಿಯುವಂತೆ ಮಾಡಿ, ನಡುವೆ ಒಬ್ಬರೇ ನಿಂತು ಪ್ರಪಂಚ ಸುತ್ತಿದರು. ‘ಆರ್ಕೆಸ್ಟ್ರಿಯನ್’ ಅದರ ಹೆಸರು. ಬೆರಗಾಗುವಂಥದ್ದು, ಒಪ್ಪುತ್ತೇನೆ. ಆದರೂ ಫುಲ್ಲರ್ ಅವರ ಮರದ ಪೆಟ್ಟಿಗೆಯೇ ನನಗೆ ಮೇಲು.

● ಪಿಕ್ಸಾರ್ ಸಂಸ್ಥೆಯ 2005ರ ಕಿರುಚಿತ್ರ ‘ಒನ್ ಮ್ಯಾನ್ ಬ್ಯಾಂಡ್’ನಲ್ಲಿ ಇಬ್ಬರು ಬೀದಿ ವಾದಕರು ಒಬ್ಬ ಪುಟ್ಟ ಹುಡುಗಿಯ ಕೈಯಲ್ಲಿರುವ ಒಂದೇ ನಾಣ್ಯಕ್ಕಾಗಿ ಪೈಪೋಟಿಗಿಳಿಯುತ್ತಾರೆ. ಮಾತೇ ಇಲ್ಲದ ಚಿತ್ರ, ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಮಕ್ಕಳ ಜೊತೆ ಕೂತು ನೋಡಿ.

● 2025ರ ಫೆಬ್ರುವರಿ 9ರ ಬೆಳಿಗ್ಗೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪಾದಚಾರಿ ಹಾದಿಯಲ್ಲಿ ಎಡ್ ಶೀರನ್ ಗಿಟಾರ್ ಹಿಡಿದು ನಿಂತು ‘ಶೇಪ್ ಆಫ್ ಯು’ ಹಾಡುತ್ತಿದ್ದಾಗ ಪೊಲೀಸ್ ಸಿಬ್ಬಂದಿಯೊಬ್ಬರು ಬಂದು ಮೈಕಿನ ತಂತಿ ಕಿತ್ತರು. ಜನಸಂದಣಿಯ ಕಾರಣಕ್ಕೆ ಅನುಮತಿ ಕೊಟ್ಟಿರಲಿಲ್ಲ ಎಂದು ಪೊಲೀಸರು ಹೇಳಿದರೆ, ಅನುಮತಿ ಇತ್ತು ಎಂದು ಶೀರನ್ ಹೇಳಿದರು. ಯಾರ ಮಾತು ಸರಿ ಎನ್ನುವುದಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ ಬೇರೆ: ಬೀದಿಯಲ್ಲಿ ನುಡಿಸಬೇಕೆನ್ನುವ ಒಬ್ಬ ಸಾಮಾನ್ಯ ಕಲಾವಿದ ಈ ಊರಿನಲ್ಲಿ ಯಾವ ಬಾಗಿಲು ತಟ್ಟಬೇಕು?

ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ 1980ರ ದಶಕದಿಂದಲೂ ಆಯ್ದ ಕಲಾವಿದರಿಗೆ ಅಧಿಕೃತ ಜಾಗವಿದೆ. ಪ್ಯಾರಿಸ್ ಮೆಟ್ರೊ ಹಾಡುವವರನ್ನು ಪರೀಕ್ಷಿಸಿ ಗುರುತಿನ ಚೀಟಿ ಕೊಡುತ್ತದೆ. ಲಂಡನ್ ಅಂಡರ್‌ಗ್ರೌಂಡ್ 2003ರಲ್ಲಿ ಪರವಾನಗಿ ಪದ್ಧತಿ ತಂದು, ನಿಲ್ದಾಣದ ನೆಲದ ಮೇಲೆ ಅರ್ಧವೃತ್ತ ಎಳೆದು, ಇಲ್ಲಿ ನಿಂತು ನುಡಿಸಿ ಎಂದಿತು. ಅಂಥ ಅರ್ಧವೃತ್ತಗಳು ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ, ಗಾಂಧಿ ಬಜಾರಿನಲ್ಲಿ, ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ, ಹುಬ್ಬಳ್ಳಿ–ಧಾರವಾಡದಲ್ಲಿ ಬೇಕು. ಲೂಪ್ ಪೆಡಲಿನ ಹುಡುಗ ಹುಡುಗಿಯರು ಅಲ್ಲಿ ನಿಲ್ಲಲಿ. ಏಕತಾರಿ ಹಿಡಿದ ತತ್ವಪದಕಾರರಿಗೂ, ತಂಬೂರಿ–ಗಗ್ಗರದ ನೀಲಗಾರರಿಗೂ, ಡಮರುಗದ ಗೊರವಯ್ಯನಿಗೂ ಅದೇ ಪರವಾನಗಿ, ಅದೇ ಮರ್ಯಾದೆ ಸಿಗಲಿ. ನಗರಪಾಲಿಕೆಗಳೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಕೂತು ಮಾತಾಡಿದರೆ ಇದು ಆಗದ ಕೆಲಸವೇನಲ್ಲ.